ಡಿಪ್ಲೊಮಾ ಮುಗಿಸಿ ಬಿ.ಇ. ಸೇರುವ ಮುನ್ನ

ಪಾಲಿಟೆಕ್ನಿಕ್ಕಿನ ಕೊನೆಯ ಪರೀಕ್ಷೆ ಮುಗಿದು ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತುಕತೆ ನಡೆಯುತ್ತದೆ. ಮಗನೋ ಮಗಳೋ ಡಿಪ್ಲೊಮಾ ಪಾಸಾಗಿದ್ದಾರೆ, ಮುಂದೆ ಬಿ.ಇ. ಓದುವ ಆಸೆ. ಯಾವ ಕಾಲೇಜು, ಯಾವ ಶಾಖೆ, ಫೀಸು ಎಷ್ಟು, ಹಾಸ್ಟೆಲ್ ಸಿಕ್ಕೀತೆ ಎಂದು ಮನೆಯವರೆಲ್ಲ ಕುಳಿತು ಯೋಚಿಸುತ್ತಾರೆ. ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇವುಗಳ ಜೊತೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು. ನಮ್ಮ ಹುಡುಗ ನೇರವಾಗಿ ಎರಡನೆಯ ವರ್ಷಕ್ಕೆ ಹೋಗಿ ಕೂರುತ್ತಾನಲ್ಲ, ಹಾಗಾದರೆ ಆ ಕಾಲೇಜಿನಲ್ಲಿ ಮೊದಲನೆಯ ವರ್ಷ ಕಲಿಸಿದ ಪಾಠಗಳನ್ನು ಅವನು ಎಲ್ಲಿ ಕಲಿಯುತ್ತಾನೆ? ಈ ಪ್ರಶ್ನೆಯನ್ನು ಕುರಿತೇ ಇಂದು ನಿಮ್ಮೊಡನೆ ನಾಲ್ಕು ಮಾತು.

ಮೊದಲು ದಾರಿಯ ಪರಿಚಯವಾಗಲಿ. ಎಸ್.ಎಸ್.ಎಲ್.ಸಿ. ಆದ ಮೇಲೆ ಎಂಜಿನಿಯರಿಂಗ್ ಪದವಿಗೆ ಮುಖ್ಯವಾಗಿ ಎರಡು ಹಾದಿಗಳಿವೆ. ಎರಡು ವರ್ಷದ ಪಿ.ಯು.ಸಿ., ಅನಂತರ ನಾಲ್ಕು ವರ್ಷದ ಬಿ.ಇ. ಇದು ಒಂದು. ಮೂರು ವರ್ಷದ ಡಿಪ್ಲೊಮಾ, ಅನಂತರ ಎರಡನೆಯ ವರ್ಷಕ್ಕೆ, ಅಂದರೆ ಮೂರನೆಯ ಸೆಮಿಸ್ಟರಿಗೆ, ಸೇರಿ ಮೂರು ವರ್ಷ ಓದುವುದು ಇನ್ನೊಂದು. ಇದಕ್ಕೆ ಲ್ಯಾಟರಲ್ ಎಂಟ್ರಿ ಎಂದು ಹೆಸರು. ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷ ಸೇರಿ ಮೇಲೇರುವುದೂ ಉಂಟು. ಗಣಿತ ಓದಿದ ಬಿ.ಎಸ್‌ಸಿ. ಪದವೀಧರರಿಗೂ ಎರಡನೆಯ ವರ್ಷದ ಬಾಗಿಲು ತೆರೆದಿದೆ. ನಮ್ಮ ರಾಜ್ಯದಲ್ಲಿ ಡಿಪ್ಲೊಮಾದವರಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಬೇರೆಯೇ ಆದ ಒಂದು ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ.

ಲೆಕ್ಕ ಹಾಕಿ ನೋಡಿ. ಎರಡು ಮತ್ತು ನಾಲ್ಕು ಆರು. ಮೂರು ಮತ್ತು ಮೂರು ಕೂಡ ಆರು. ಡಿಪ್ಲೊಮಾದವರು ಒಂದು ವರ್ಷ ಉಳಿಸಿಕೊಂಡರು ಎಂದು ಕೆಲವರು ಹೊಗಳುತ್ತಾರೆ. ಒಂದು ವರ್ಷ ಹಾರಿಸಿ ಒಳಗೆ ಬಂದರು ಎಂದು ಕೆಲವರು ಮೂಗು ಮುರಿಯುತ್ತಾರೆ. ಎರಡೂ ಸರಿಯಲ್ಲ. ಇಬ್ಬರೂ ಆರು ವರ್ಷ ದುಡಿದೇ ಪದವಿ ಪಡೆಯುತ್ತಾರೆ. ಇದು ಹಿತ್ತಿಲ ಬಾಗಿಲಲ್ಲ, ಪಕ್ಕದ ಬಾಗಿಲು. ಆದರೆ ಪಕ್ಕದ ಬಾಗಿಲಿನಿಂದ ಬಂದವನು ಹಜಾರವನ್ನು ದಾಟದೆ ನಡುಮನೆಗೇ ಬಂದಿರುತ್ತಾನೆ. ಹಜಾರದಲ್ಲಿ ಏನಿತ್ತೆಂಬುದನ್ನು ಅವನು ತಾನಾಗಿಯೇ ಹಿಂದಿರುಗಿ ನೋಡಿಕೊಳ್ಳಬೇಕು.

ಒಂದು ವಿದ್ಯೆಯನ್ನು ಮುಗಿಸಿ, ಅದರ ಬಲದಿಂದ ಎಂಜಿನಿಯರಿಂಗಿಗೆ ದಾಟುವುದು ನಮ್ಮ ನಾಡಿಗೆ ಹೊಸದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೊದಲು ಓದಿದ್ದು ಎಂಜಿನಿಯರಿಂಗನ್ನಲ್ಲ. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವೀಧರರಾದರು. ಆ ಮೇಲೆಯೇ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಗಳಿಸಿದರು. ಆಗ ಮೈಸೂರು ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜು ಇರಲಿಲ್ಲ. ಅವರು ದಿವಾನರಾಗಿದ್ದ ಕಾಲದಲ್ಲಿ, 1917ರಲ್ಲಿ, ಬೆಂಗಳೂರಿನಲ್ಲಿ ಅಂಥ ಕಾಲೇಜು ಆರಂಭವಾಯಿತು. ಇಂದು ಅದು ಅವರ ಹೆಸರನ್ನೇ ಹೊತ್ತು ನಿಂತಿದೆ. ಮುಂದೆ 1943ರಲ್ಲಿ ಅದೇ ಊರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ತೆರೆಯಿತು. ನಾಡಿಗೆ ಯೋಜನೆ ಹಾಕುವ ಎಂಜಿನಿಯರನೂ ಬೇಕು, ಅದನ್ನು ಕೈಯಾರೆ ನಡೆಸಿಕೊಡುವ ಡಿಪ್ಲೊಮಾ ತಜ್ಞನೂ ಬೇಕು ಎಂಬುದು ಈ ಎರಡು ಸಂಸ್ಥೆಗಳ ಹಿಂದಿನ ವಿಚಾರ. ಹೀಗೆ ಎರಡು ಬೇರೆ ಬೇರೆ ಗುರಿಗಳಿಗಾಗಿ ಹುಟ್ಟಿದ ಶಿಕ್ಷಣಗಳ ನಡುವೆ ಈಗ ಸೇತುವೆ ಹಾಕಿದ್ದೇವೆ. ಸೇತುವೆಯ ಮೇಲೆ ನಡೆಯುವವರು ಎರಡು ದಡಗಳ ವ್ಯತ್ಯಾಸವನ್ನು ತಿಳಿದಿರಬೇಕು.

ಆ ವ್ಯತ್ಯಾಸ ಏನು? ಒಂದು ಉದಾಹರಣೆಯಿಂದ ಹೇಳುತ್ತೇನೆ.

ಎರಡು ಗೋಡೆಗಳ ಮೇಲೆ ಒಂದು ತೊಲೆಯನ್ನು ಇಟ್ಟು ಅದರ ನಟ್ಟನಡುವೆ ಭಾರ ತೂಗುಹಾಕಿದ್ದೀರಿ ಎಂದು ಭಾವಿಸಿ. ತೊಲೆ ಸ್ವಲ್ಪ ಬಾಗುತ್ತದೆ. ಎಷ್ಟು ಬಾಗುತ್ತದೆ? ಸಿವಿಲ್ ಡಿಪ್ಲೊಮಾ ಓದಿದ ಹುಡುಗನಿಗೆ ಸೂತ್ರ ಬಾಯಿಪಾಠ. ಭಾರವನ್ನು ಉದ್ದದ ಘನದಿಂದ ಗುಣಿಸಿ, ತೊಲೆಯ ಬಿಗುಪಿನ 48ರಷ್ಟರಿಂದ ಭಾಗಿಸಬೇಕು. ಅವನು ಕ್ಷಣದಲ್ಲಿ ಉತ್ತರ ಹೇಳುತ್ತಾನೆ. ಹತ್ತು ಅಡಿಯ ತೊಲೆಯ ಬದಲು ಅದೇ ದಪ್ಪದ ಇಪ್ಪತ್ತು ಅಡಿಯ ತೊಲೆ ಹಾಕಿದರೆ ಅದೇ ಭಾರಕ್ಕೆ ಬಾಗು ಎಂಟರಷ್ಟಾಗುತ್ತದೆಂದೂ, ತೊಲೆಯ ಎತ್ತರವನ್ನು ಎರಡರಷ್ಟು ಮಾಡಿದರೆ ಬಾಗು ಎಂಟನೆಯ ಒಂದಕ್ಕೆ ಇಳಿಯುತ್ತದೆಂದೂ ಅವನು ಬಲ್ಲ. ಕೆಲಸದ ಜಾಗದಲ್ಲಿ ಇದು ಬೆಲೆಯುಳ್ಳ ಜ್ಞಾನ.

ಆದರೆ ಬಿ.ಇ. ತರಗತಿಯಲ್ಲಿ ಮೇಷ್ಟರು ಕೇಳುವ ಪ್ರಶ್ನೆ ಬೇರೆ. ಆ 48 ಎಲ್ಲಿಂದ ಬಂತು? ಭಾರ ನಡುವಿನಲ್ಲಿ ಇರದೆ ಒಂದು ಪಕ್ಕಕ್ಕೆ ಸರಿದಿದ್ದರೆ? ತೊಲೆಯ ದಪ್ಪವೇ ಉದ್ದಕ್ಕೂ ಬದಲಾಗುತ್ತಿದ್ದರೆ? ಆಗ ಬಾಯಿಪಾಠದ ಸೂತ್ರ ಕೈಕೊಡುತ್ತದೆ. ತೊಲೆಯ ಪ್ರತಿಯೊಂದು ಬಿಂದುವಿನಲ್ಲಿ ಅದು ಎಷ್ಟು ಬಳುಕುತ್ತಿದೆ ಎಂಬುದನ್ನು ಹೇಳುವ ಒಂದು ಅವಕಲ ಸಮೀಕರಣವನ್ನು ಬರೆಯಬೇಕು. ಅದನ್ನು ಒಮ್ಮೆ ಅನುಕಲನ ಮಾಡಿದರೆ ತೊಲೆಯ ಇಳಿಜಾರು ದೊರೆಯುತ್ತದೆ. ಇನ್ನೊಮ್ಮೆ ಮಾಡಿದರೆ ಬಾಗು ದೊರೆಯುತ್ತದೆ. ತೊಲೆಯ ತುದಿಗಳಲ್ಲಿ ಬಾಗು ಸೊನ್ನೆ, ನಡುವಿನಲ್ಲಿ ಇಳಿಜಾರು ಸೊನ್ನೆ ಎಂದು ಸೇರಿಸಿದರೆ 48 ತಾನಾಗಿಯೇ ಹೊರಬರುತ್ತದೆ. ಡಿಪ್ಲೊಮಾದವನು ಕಲಿತದ್ದು ಉತ್ತರವನ್ನು. ಪದವಿ ತರಗತಿ ಕೇಳುವುದು ಉತ್ತರ ಹುಟ್ಟಿದ ಬಗೆಯನ್ನು. ಆ ಬಗೆಯ ಭಾಷೆ ಕಲನ ಗಣಿತ, ಅಂದರೆ ಕ್ಯಾಲ್ಕ್ಯುಲಸ್.

ವಿದ್ಯುತ್ ಶಾಖೆಯಲ್ಲಿಯೂ ಹೀಗೆಯೇ. ಒಂದು ರೋಧಕದ ಮೂಲಕ ಕೆಪಾಸಿಟರಿಗೆ ವಿದ್ಯುತ್ತು ತುಂಬುವಾಗ, ಒಂದು ನಿರ್ದಿಷ್ಟ ಕಾಲಾವಧಿಯಲ್ಲಿ ಸುಮಾರು ನೂರಕ್ಕೆ 63 ಪಾಲು ತುಂಬುತ್ತದೆ ಎಂದು ಡಿಪ್ಲೊಮಾದವನು ಪ್ರಯೋಗಶಾಲೆಯಲ್ಲಿ ಅಳೆದೇ ನೋಡಿರುತ್ತಾನೆ. ಆ 63 ಏಕೆ, 60 ಏಕಲ್ಲ ಎಂಬುದಕ್ಕೆ ಉತ್ತರ ಮತ್ತೆ ಒಂದು ಅವಕಲ ಸಮೀಕರಣದಲ್ಲಿದೆ.

ಹಾಗೆಂದು ಡಿಪ್ಲೊಮಾದವನಿಗೆ ಕಲನ ತೀರ ಹೊಸದೂ ಅಲ್ಲ. ಪಾಲಿಟೆಕ್ನಿಕ್ಕಿನ ಮೊದಲ ವರ್ಷದಲ್ಲಿ ಅದರ ಸರಳ ರೂಪವನ್ನು ಅವನು ಓದಿದ್ದಾನೆ. ತೊಂದರೆ ಏನೆಂದರೆ, ಆ ಮೇಲಿನ ವರ್ಷಗಳು ಸರ್ವೆ, ವರ್ಕ್‌ಶಾಪ್, ಯಂತ್ರ, ಪ್ರಾಜೆಕ್ಟು ಎಂಬ ಕೆಲಸಗಳಲ್ಲಿ ಕಳೆದುಹೋಗುತ್ತವೆ. ಬಳಸದ ಕುಡುಗೋಲಿಗೆ ತುಕ್ಕು ಹಿಡಿದಂತೆ ಗಣಿತಕ್ಕೂ ತುಕ್ಕು ಹಿಡಿಯುತ್ತದೆ. ಅತ್ತ ಪಿ.ಯು.ಸಿ.ಯ ಹುಡುಗ ಎರಡು ವರ್ಷ ಅದನ್ನೇ ಮಸೆದು, ಬಿ.ಇ.ಯ ಮೊದಲ ವರ್ಷದಲ್ಲಿ ಇನ್ನೂ ಒಂದು ವರ್ಷ ಮಸೆದು ಬಂದಿರುತ್ತಾನೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಮೇಷ್ಟರು ಇಬ್ಬರಿಗೂ ಒಂದೇ ಪಾಠ ಹೇಳುತ್ತಾರೆ.

ಇದನ್ನು ವಿಶ್ವವಿದ್ಯಾನಿಲಯಗಳು ಅರಿಯದೆ ಇಲ್ಲ. ಹೀಗೆ ಬೇರೆ ಬೇರೆ ಹಿನ್ನೆಲೆಯಿಂದ ಬರುವವರಿಗೆ ಗಣಿತ, ಭೌತವಿಜ್ಞಾನ, ಎಂಜಿನಿಯರಿಂಗ್ ಡ್ರಾಯಿಂಗ್ ಮೊದಲಾದುವುಗಳಲ್ಲಿ ಸೇತುಪಾಠಗಳನ್ನು ಏರ್ಪಡಿಸಬೇಕೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಹೇಳಿದೆ. ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ತನ್ನ 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗೆಂದೇ ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂಬ ಎರಡು ವಿಷಯಗಳನ್ನು ಮೂರನೆಯ ಹಾಗೂ ನಾಲ್ಕನೆಯ ಸೆಮಿಸ್ಟರುಗಳಲ್ಲಿ ಇಟ್ಟಿತು. ಬಿ.ಎಸ್‌ಸಿ.ಯಿಂದ ಬಂದವರಿಗೆ ಗಣಿತದ ಬದಲು, ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗನ್ನೂ ಸಿವಿಲ್ ಎಂಜಿನಿಯರಿಂಗಿನ ಮೂಲಾಂಶ ಮತ್ತು ಮೆಕ್ಯಾನಿಕ್ಸನ್ನೂ ಕಟ್ಟಿಟ್ಟಿತು. ಯಾರಿಗೆ ಯಾವುದು ಕೊರತೆಯೋ ಅದನ್ನು ತುಂಬಿಕೊಡುವ ಏರ್ಪಾಡು ಇದು.

ಈ ವಿಷಯಗಳಿಗೆ ಒಂದು ವಿಚಿತ್ರ ಸ್ಥಾನವಿದೆ. ಅದನ್ನು ಸರಿಯಾಗಿ ತಿಳಿದುಕೊಳ್ಳಿ. ಇವುಗಳಿಗೆ ಕ್ರೆಡಿಟ್ ಇಲ್ಲ. ಇದರಲ್ಲಿ ಬಂದ ಅಂಕ ನಿಮ್ಮ ಒಟ್ಟು ದರ್ಜೆಯನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಆದರೆ ಪಾಸಾಗದೆ ಪದವಿ ದೊರೆಯುವುದಿಲ್ಲ. ಕ್ರೆಡಿಟ್ ಇಲ್ಲವೆಂಬ ಮಾತನ್ನು ಕೇಳಿದೊಡನೆ ಎಷ್ಟೋ ವಿದ್ಯಾರ್ಥಿಗಳು, “ಇರಲಿ ಬಿಡು, ಆಮೇಲೆ ನೋಡೋಣ” ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆ ‘ಆಮೇಲೆ’ ಕೊನೆಯ ವರ್ಷದವರೆಗೂ ಉಳಿದರೆ, ಉಳಿದೆಲ್ಲ ವಿಷಯ ಪಾಸಾಗಿ, ಕೆಲಸದ ಕರೆಯೂ ಕೈಗೆ ಬಂದ ಹೊತ್ತಿನಲ್ಲಿ ಪದವಿಪತ್ರ ಮಾತ್ರ ಬಾರದೆ ನಿಲ್ಲುತ್ತದೆ. ಮದುವೆಗೆ ಎಲ್ಲವೂ ಸಿದ್ಧವಾಗಿ ತಾಳಿಯನ್ನೇ ಮರೆತು ಬಂದಂತೆ.

ಇನ್ನೊಂದು ತೊಡಕು ಇದಕ್ಕಿಂತಲೂ ಸೂಕ್ಷ್ಮವಾದುದು. ಅದೇ 2018ರ ಪಠ್ಯಕ್ರಮದಲ್ಲಿ ಮೂರನೆಯ ಸೆಮಿಸ್ಟರಿನ ಎಲ್ಲರಿಗೂ ಇರುವ ಗಣಿತವನ್ನು ನೋಡಿ. ಅದರ ಆರಂಭದಲ್ಲಿಯೇ ಲಾಪ್ಲಾಸ್ ಪರಿವರ್ತನೆ, ಅದರ ಬೆನ್ನಿಗೇ ಫೂರಿಯೇ ಶ್ರೇಢಿ. ಲಾಪ್ಲಾಸ್ ಪರಿವರ್ತನೆಯೆಂಬುದರ ವ್ಯಾಖ್ಯೆಯೇ ಒಂದು ಅನುಕಲನ. ಫೂರಿಯೇ ಶ್ರೇಢಿಯೂ ಹಾಗೆಯೇ. ಫ್ರಾನ್ಸಿನ ಜೋಸೆಫ್ ಫೂರಿಯೇ, ಕಾಯ್ದ ವಸ್ತುಗಳಲ್ಲಿ ಶಾಖ ಹರಿಯುವ ಬಗೆಯನ್ನು ವಿವರಿಸಲು 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ವಿಸ್ತರಿಸಿದನು. ತಂಬೂರಿಯ ತಂತಿಯನ್ನು ಮೀಟಿದಾಗ ಕೇಳುವುದು ಒಂದೇ ಕಂಪನವಲ್ಲ. ಮೂಲ ಕಂಪನದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಕಂಪನಗಳೂ ಬೆರೆತಿರುತ್ತವೆ. ಯಾವುದು ಎಷ್ಟು ಪಾಲು ಬೆರೆತಿದೆ ಎಂದು ಬಿಡಿಸಿ ಹೇಳುವುದೇ ಫೂರಿಯೇ ಶ್ರೇಢಿಯ ಕೆಲಸ. ನೀವು ರೇಡಿಯೋದಲ್ಲಿ ಕೇಳುವ ಧ್ವನಿಯನ್ನು ಕಳಿಸುವ, ಹಿಡಿಯುವ ವಿದ್ಯೆಗೆಲ್ಲ ಇದು ಬೇಕು. ಆದರೆ ಪ್ರತಿಯೊಂದು ಪಾಲನ್ನು ಕಂಡುಹಿಡಿಯಲು ಭಾಗಶಃ ಅನುಕಲನವನ್ನು ಸರಾಗವಾಗಿ ಮಾಡಬಲ್ಲ ಕೈ ಇರಬೇಕು.

ಈಗ ಡಿಪ್ಲೊಮಾದವರ ಹೆಚ್ಚುವರಿ ಗಣಿತವನ್ನು ತೆರೆದು ನೋಡಿ. ಅಲ್ಲಿ ಅನುಕಲನ ಬರುವುದು ನಾಲ್ಕನೆಯ ಭಾಗದಲ್ಲಿ. ಅವಕಲ ಸಮೀಕರಣ ಐದನೆಯದರಲ್ಲಿ. ಅಂದರೆ ಬೆಳಿಗ್ಗೆಯ ತರಗತಿಯಲ್ಲಿ ಅನುಕಲನ ಬರುತ್ತದೆಂದು ನಂಬಿ ಪಾಠ ಹೇಳುತ್ತಾರೆ. ಆ ಅನುಕಲನವನ್ನು ಕಲಿಸುವ ಪಾಠ ಇನ್ನೊಂದು ತರಗತಿಯಲ್ಲಿ ಎರಡು ಮೂರು ತಿಂಗಳ ಮೇಲೆ ಬರುತ್ತದೆ. ಮಗುವಿಗೆ ಕಾಗುಣಿತ ಕಲಿಸುವ ಮೊದಲೇ ಪದ್ಯ ಓದಿಸಿದಂತೆ. ತಪ್ಪು ಯಾರೊಬ್ಬರದೂ ಅಲ್ಲ. ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತುರುಕಿದರೆ ಹೀಗಲ್ಲದೆ ಬೇರೆ ದಾರಿಯಿಲ್ಲ. ಪಠ್ಯಕ್ರಮಗಳು ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತವೆ. ಸೇರುವ ವರ್ಷದ ಪಠ್ಯಕ್ರಮವನ್ನು ತರಿಸಿಕೊಂಡು, ಯಾವ ವಿಷಯ ಕಡ್ಡಾಯವೆಂಬುದನ್ನು ಕಾಲೇಜಿನಲ್ಲಿಯೇ ವಿಚಾರಿಸಿಕೊಳ್ಳಿ. ಆದರೆ ಪಠ್ಯಕ್ರಮ ಹೇಗೇ ಬದಲಾಗಲಿ, ವಿದ್ಯೆಯ ಸರಪಣಿ ಬದಲಾಗುವುದಿಲ್ಲ. ತ್ರಿಕೋನಮಿತಿಯಿಲ್ಲದೆ ಅವಕಲನ ನಿಲ್ಲದು. ಅವಕಲನವಿಲ್ಲದೆ ಅನುಕಲನ ಬಾರದು. ಅನುಕಲನವಿಲ್ಲದೆ ಅವಕಲ ಸಮೀಕರಣವಿಲ್ಲ. ಅದಿಲ್ಲದೆ ಕಂಪನ, ನಿಯಂತ್ರಣ, ದ್ರವಚಲನೆ, ವಿದ್ಯುತ್ ಮಂಡಲ ಯಾವುದೂ ಅರ್ಥವಾಗದು.

ಆದುದರಿಂದ ಈ ಪಾಠಗಳನ್ನು ಮುಗಿಸತಕ್ಕ ಸರಿಯಾದ ಕಾಲ ಕಾಲೇಜು ಸೇರಿದ ಮೇಲಲ್ಲ, ಸೇರುವ ಮುನ್ನ. ಡಿಪ್ಲೊಮಾದ ಕೊನೆಯ ಪರೀಕ್ಷೆಗೂ ಮೂರನೆಯ ಸೆಮಿಸ್ಟರಿನ ತರಗತಿಗಳಿಗೂ ನಡುವೆ ಕೆಲವು ವಾರಗಳ ಬಿಡುವು ಸಿಗುತ್ತದೆ. ಸೀಟು ಹಂಚಿಕೆ ತಡವಾಗಿ, ಇವರು ಸೇರುವ ವೇಳೆಗೆ ತರಗತಿಗಳು ಆಗಲೇ ನಡೆದಿರುವುದೂ ಉಂಟು. ಹಾಗಾದಾಗ ಮೊದಲೇ ಓದಿಕೊಂಡವನಿಗೆ ತಪ್ಪಿದ ಪಾಠ ಹೊರೆಯಾಗುವುದಿಲ್ಲ.

ಪ್ರವೇಶ ಪರೀಕ್ಷೆಗೆ ಓದಿದ್ದೇವಲ್ಲ, ಅದೇ ಸಾಲದೆ ಎಂದು ಕೇಳಬಹುದು. ಸಾಲದು. ಆ ಪರೀಕ್ಷೆ ಅಳೆಯುವುದು ನೀವು ಡಿಪ್ಲೊಮಾದಲ್ಲಿ ಕಲಿತದ್ದನ್ನು. ಒಳಗೆ ಹೋದ ಮೇಲೆ ಏನು ಬೇಕಾಗುತ್ತದೆ ಎಂಬುದು ಬೇರೆಯ ಮಾತು.

ಹತ್ತು ವಾರ, ದಿನಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ಮೊದಲ ಎರಡು ವಾರ ಬೀಜಗಣಿತ, ಲಾಗರಿದಮ್, ತ್ರಿಕೋನಮಿತಿ ಮತ್ತು ಆಂಶಿಕ ಭಿನ್ನರಾಶಿಗಳಿಗೆ ಮೀಸಲಾಗಲಿ. ಕಲನದಲ್ಲಿ ಎಡವುವವರಲ್ಲಿ ಅನೇಕರು ನಿಜವಾಗಿ ಎಡವುವುದು ಇಲ್ಲಿಯೇ. ಮುಂದಿನ ಎರಡು ವಾರ ಅವಕಲನ: ಗುಣಲಬ್ಧದ ನಿಯಮ, ಸರಪಣಿ ನಿಯಮ, ಗರಿಷ್ಠ ಕನಿಷ್ಠಗಳು. ಅನಂತರ ಮೂರು ವಾರ ಅನುಕಲನ. ಇದಕ್ಕೆ ಹೆಚ್ಚು ಕಾಲ ಕೊಡಿ, ಏಕೆಂದರೆ ಇದು ನಿಯಮದಿಂದ ಬರುವುದಲ್ಲ, ಅಭ್ಯಾಸದಿಂದ ಬರುವುದು. ಎಂಟನೆಯ ವಾರ ಮೊದಲ ದರ್ಜೆಯ ಅವಕಲ ಸಮೀಕರಣಗಳು. ಒಂಬತ್ತನೆಯದು ಮಾತೃಕೆಗಳಿಗೂ ಮಿಶ್ರ ಸಂಖ್ಯೆಗಳಿಗೂ ಇರಲಿ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ಸ್ ಶಾಖೆಯವರು ಮಿಶ್ರ ಸಂಖ್ಯೆಗಳನ್ನು ಮೊದಲ ದಿನದಿಂದಲೇ ಬಳಸಬೇಕಾಗುತ್ತದೆ. ಕೊನೆಯ ವಾರ ಬಿ.ಇ. ಮೊದಲ ವರ್ಷದ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ.

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಪಿ.ಯು.ಸಿ. ಎರಡನೆಯ ವರ್ಷದ ಗಣಿತದ ಪುಸ್ತಕ ಸಾಕು. ನೆರೆಮನೆಯ ಹುಡುಗಿ ಓದಿ ಮುಗಿಸಿದ ಪ್ರತಿಯೇ ಆದೀತು. ಎನ್.ಸಿ.ಇ.ಆರ್.ಟಿ. ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠಗಳನ್ನೂ, ಕೇಂದ್ರ ಸರ್ಕಾರ 2017ರಲ್ಲಿ ತೆರೆದ ಸ್ವಯಂ ಎಂಬ ಪಾಠಶಾಲೆಯನ್ನೂ ಮನೆಯಲ್ಲಿಯೇ ಕುಳಿತು ನೋಡಬಹುದು. ಆದರೆ ಒಂದು ಎಚ್ಚರಿಕೆ. ಇನ್ನೊಬ್ಬರು ಲೆಕ್ಕ ಮಾಡುವುದನ್ನು ನೋಡುವಾಗ ಎಲ್ಲವೂ ಸುಲಭವಾಗಿ ಕಾಣುತ್ತದೆ. ದಡದಲ್ಲಿ ಕುಳಿತು ನೋಡಿದವನಿಗೆ ಈಜು ಬರುವುದಿಲ್ಲ. ನೋಡಿದ ಒಂದು ಲೆಕ್ಕಕ್ಕೆ ಕೈಯಿಂದ ಐದು ಲೆಕ್ಕ ಮಾಡಿ.

ಕಲಿತೆನೋ ಇಲ್ಲವೋ ಎಂಬುದನ್ನು ಪರೀಕ್ಷಿಸಿಕೊಳ್ಳಲು ಸುಲಭವಾದ ಒರೆಗಲ್ಲು ಒಂದಿದೆ. ಪುಸ್ತಕ ಮುಚ್ಚಿ, ಬಿಳಿ ಹಾಳೆ ತೆಗೆದುಕೊಂಡು, ನಾನು ಮೊದಲು ಹೇಳಿದ ತೊಲೆಯ ಬಾಗಿನ ಸೂತ್ರವನ್ನು ಮೊದಲಿನಿಂದ ಕೊನೆಯವರೆಗೆ ಸಾಧಿಸಿ. 48 ಬಂದರೆ ನೀವು ಸಿದ್ಧರಾಗಿದ್ದೀರಿ. ಬಾರದಿದ್ದರೆ ಎಲ್ಲಿ ನಿಂತಿತು ಎಂದು ನೋಡಿ. ಓದಬೇಕಾದ ಪಾಠ ಅಲ್ಲಿಯೇ ಇದೆ.

ಇನ್ನು ಮನೆಯ ಹಿರಿಯರಿಗೆ ಒಂದು ಮಾತು. ಡಿಪ್ಲೊಮಾ ಪಾಸಾದ ಮಗ ರಜೆಯಲ್ಲಿ ಪಿ.ಯು.ಸಿ. ಪುಸ್ತಕ ಹಿಡಿದು ಕುಳಿತರೆ, “ಅಷ್ಟು ಓದಿದವನು ಮತ್ತೆ ಹಿಂದಿನ ಪುಸ್ತಕ ಓದುತ್ತಾನಲ್ಲ” ಎಂದು ಹಾಸ್ಯ ಮಾಡಬೇಡಿ. ಡಿಪ್ಲೊಮಾ ಮುಗಿಸಿದ ಮಗಳು ದಿನವೆಲ್ಲ ಮನೆಯಲ್ಲಿದ್ದಾಳೆಂದು ಅಡಿಗೆಮನೆಯ ಪೂರ್ತಿ ಹೊಣೆಯನ್ನು ಅವಳ ಮೇಲೆ ಹೊರಿಸಬೇಡಿ. ಆ ಎರಡು ಗಂಟೆ ಅವಳದಾಗಿರಲಿ. ಮೂರನೆಯ ಸೆಮಿಸ್ಟರಿನಲ್ಲಿ ಕಂಗೆಟ್ಟು ವಿಷಯಗಳನ್ನು ಉಳಿಸಿಕೊಂಡ ವಿದ್ಯಾರ್ಥಿ ಮೇಲಿನ ವರ್ಷಕ್ಕೆ ಹೋಗಲಾರದೆ ನಿಂತರೆ ಆಗುವ ನಷ್ಟ ಒಂದು ವರ್ಷದ ಫೀಸು ಮಾತ್ರವಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಮಗು, ತನಗೆ ಬುದ್ಧಿಯೇ ಸಾಲದೆಂದು ನಂಬಿಬಿಡುತ್ತದೆ. ಸಾಲದ್ದು ಬುದ್ಧಿಯಲ್ಲ, ಹತ್ತು ವಾರದ ಪಾಠ. ಈ ಎರಡರ ನಡುವಿನ ವ್ಯತ್ಯಾಸವನ್ನು ಅದಕ್ಕೆ ತಿಳಿಹೇಳಬೇಕಾದವರು ನೀವು.

ಕಡೆಯದಾಗಿ ವಿದ್ಯಾರ್ಥಿಗಳಿಗೆ. ಹೊಸ ತರಗತಿಯಲ್ಲಿ ನೀವು ಬರಿಗೈಯವರೆಂದು ಅಳುಕಬೇಡಿ. ಲೇತಿನ ಮುಂದೆ ನಿಂತು ಕಬ್ಬಿಣ ಕಡೆದಿದ್ದೀರಿ, ಬಿಸಿಲಿನಲ್ಲಿ ಸರಪಣಿ ಹಿಡಿದು ನೆಲ ಅಳೆದಿದ್ದೀರಿ, ಮೋಟಾರಿನ ಸುರುಳಿ ಸುತ್ತಿದ್ದೀರಿ. ಪಿ.ಯು.ಸಿ.ಯಿಂದ ಬಂದ ಗೆಳೆಯನಿಗೆ ಇವು ಚಿತ್ರದಲ್ಲಿ ಕಂಡ ವಸ್ತುಗಳು. ಅವನಿಗೆ ಯಂತ್ರವನ್ನು ತೋರಿಸಿಕೊಡಿ, ಅವನಿಂದ ಅನುಕಲನವನ್ನು ಕಲಿಯಿರಿ. ಕೈಯ ವಿದ್ಯೆ ನಿಮ್ಮಲ್ಲಿ ಆಗಲೇ ಇದೆ. ಅದಕ್ಕೆ ಗಣಿತದ ಬೆಂಬಲವನ್ನು ಬಾಗಿಲು ದಾಟುವ ಮುನ್ನವೇ ಜೋಡಿಸಿಕೊಂಡರೆ, ಎರಡನೆಯ ವರ್ಷದ ಮೊದಲ ದಿನ ಮೇಷ್ಟರು ಕರಿಹಲಗೆಯ ಮೇಲೆ ಬರೆಯುವ ಮೊದಲ ಸಾಲು ನಿಮಗೆ ಅಪರಿಚಿತವಾಗಿರುವುದಿಲ್ಲ.